ಹೊಳೆಯಬಾರದ ಸ್ಲೈಡು

ಮಾರ್ಚ್ ೪

ಚೂಟಿ,

ಈ ಕಾಗದವನ್ನು ನಾನು ಪೋಸ್ಟ್ ಮಾಡುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನು ಮಡಚಿ ಲ್ಯಾಬಿನ ಕೋಟಿನ ಜೇಬಿನಲ್ಲಿಟ್ಟುಕೊಂಡು ನಾಳೆ ನಿನಗೆ ಬೇರೊಂದು ಬರೆಯುತ್ತೇನೆ, ಅದರಲ್ಲಿ ಧೈರ್ಯ ಹೇಳುತ್ತೇನೆ. ಅಕ್ಕಂದಿರ ಕೆಲಸ ಅದೇ ತಾನೆ.

ನಿನ್ನೆ ಫೋನಿನಲ್ಲಿ ನೀನು ಕಾಯಿಲೆಯ ಹೆಸರು ಹೇಳಿದೆ. ಲೂಪಸ್. ಯಾವುದೋ ಅಂಗಡಿಯ ಬೋರ್ಡು ಓದುವವಳ ಹಾಗೆ ಬಿಡಿಸಿ ಬಿಡಿಸಿ ಓದಿದೆ. ಹದಿನಾರು ವರ್ಷದಿಂದ ನಾನು ಪ್ರತಿದಿನ ಜನರ ರಕ್ತದಲ್ಲಿ ಹುಡುಕುತ್ತಿರುವುದು ಆ ಕಾಯಿಲೆಯ ಗುರುತನ್ನೇ. "ಹಾಂ, ಗೊತ್ತು, ಅದಕ್ಕೆ ಮಾತ್ರೆ ಇದೆ" ಅಂದು ಫೋನಿಟ್ಟೆ.

ನಮ್ಮ ಪರೀಕ್ಷೆಯನ್ನು ನೀನೇ ಎಷ್ಟು ಸಲ ನೋಡಿದ್ದೀಯ. ಗಾಜಿನ ಸ್ಲೈಡಿನ ಮೇಲೆ ಬೆಳೆಸಿದ ಜೀವಕೋಶಗಳಿರುತ್ತವೆ. ಅವುಗಳ ಮೇಲೆ ರೋಗಿಯ ರಕ್ತದ ತಿಳಿಯನ್ನು ಹಾಕಿ, ಆಮೇಲೆ ಹೊಳೆಯುವ ಬಣ್ಣ ಹಾಕುತ್ತೇವೆ. ತನ್ನ ಮೈಯ ಮೇಲೇ ತಿರುಗಿಬಿದ್ದ ಪ್ರತಿಕಾಯ ಆ ರಕ್ತದಲ್ಲಿದ್ದರೆ, ಕತ್ತಲ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಜೀವಕೋಶದ ನಡುಭಾಗ ಹಸಿರಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ಕಪ್ಪು. ರೋಗಿಗಳ ಸ್ಲೈಡಿನ ಜೊತೆ ಆರೋಗ್ಯವಾಗಿರುವ ಒಬ್ಬರ ರಕ್ತದ್ದನ್ನೂ ಇಡಬೇಕು, ಕಂಟ್ರೋಲ್ ಅಂತ. ಅದು ಕಪ್ಪಾಗಿಯೇ ಉಳಿದರೆ ಆ ದಿನದ ಪರೀಕ್ಷೆ ಸರಿಯಾಗಿ ನಡೆದಿದೆ ಅಂತ ಅರ್ಥ.

ನಮ್ಮ ಲ್ಯಾಬಿನಲ್ಲಿ ಆ ಆರೋಗ್ಯವಂತಳು ನೀನಾಗಿದ್ದೆ. ನಮ್ಮಲ್ಲಿ ಒಬ್ಬಳಿಗೆ ಥೈರಾಯ್ಡು, ಇನ್ನೊಬ್ಬಳು ಬಸುರಿ, ನನ್ನದೋ ಸ್ವಲ್ಪ ಮಂಕಾಗಿ ಹೊಳೆಯುತ್ತಿತ್ತು. ಕೊನೆಗೆ ನಿನ್ನನ್ನು ಕರೆದುಕೊಂಡು ಬಂದೆ. ಅಷ್ಟು ಕಪ್ಪಾದ ಸ್ಲೈಡನ್ನು ಯಾರೂ ನೋಡಿರಲಿಲ್ಲ. ಡಾಕ್ಟರ್ ಮೇಡಂ "ನಿನ್ನ ತಂಗಿಯ ರಕ್ತ ಅಪ್ಪಟ" ಅಂದರು. ನಾಲ್ಕು ವರ್ಷ ಪ್ರತಿ ತಿಂಗಳ ಮೊದಲ ಶನಿವಾರ ನೀನು ಬಂದು ತೋಳು ಚಾಚುತ್ತಿದ್ದೆ, ಆಮೇಲೆ ಕ್ಯಾಂಟೀನಿನಲ್ಲಿ ನನ್ನ ಪಾಲಿನ ಬನ್ನನ್ನೂ ತಿಂದು ಹೋಗುತ್ತಿದ್ದೆ. ಅಮ್ಮ ಹೋದ ಮೇಲೆ ಆ ಶನಿವಾರವೇ ನಮ್ಮ ಮನೆಯಾಗಿತ್ತು.

ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ನಿನ್ನ ಸ್ಲೈಡು ಹೊಳೆಯಿತು. ಬಣ್ಣ ಕೆಟ್ಟಿರಬೇಕು, ಸರಿಯಾಗಿ ತೊಳೆದಿಲ್ಲ ಅಂದುಕೊಂಡೆ. ಆರೋಗ್ಯವಂತರ ಸ್ಲೈಡು ಹೊಳೆದರೆ ನಾವು ಅಂದುಕೊಳ್ಳುವುದೇ ಹಾಗೆ, ಪರೀಕ್ಷೆ ತಪ್ಪಿದೆ ಅಂತ. ಪುಸ್ತಕದಲ್ಲಿ "ಕಂಟ್ರೋಲ್ ಕೆಟ್ಟಿದೆ" ಎಂದು ಬರೆದು ಸ್ಲೈಡನ್ನು ಬಿಸಾಡಿದೆ. ನಿನಗೆ ಹೇಳಲಿಲ್ಲ.

ಈಗ ನಿನಗೆ ಹೇಗೆ ಹೇಳಲಿ?

ನಿನ್ನ ಅಕ್ಕ

*

ಮಾರ್ಚ್ ೫

ಪ್ರೀತಿಯ ಚೂಟಿ,

ಫೋನಿನಲ್ಲಿ ಮಾತಾಡಲು ಹೊರಟರೆ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ, ಅದಕ್ಕೆ ಕಾಗದ. ನಿನ್ನ ಕ್ಯಾಂಪಿನಲ್ಲಿ ಫೋನು ಸರಿಯಾಗಿ ಸಿಗುವುದೂ ಇಲ್ಲ.

ಹೆದರಬೇಡ. ಇದು ಹಿಡಿತಕ್ಕೆ ಬರುವ ಕಾಯಿಲೆ. ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೋ, ಚೆನ್ನಾಗಿದ್ದೇನೆ ಅನ್ನಿಸಿದ ದಿನವೂ ಬಿಡಬೇಡ. ಬಿಸಿಲಿಗೆ ಹೋಗಬೇಡ. ಹೋಗಲೇಬೇಕಾದರೆ ಅಗಲ ಅಂಚಿನ ಟೋಪಿ, ಉದ್ದ ತೋಳಿನ ಅಂಗಿ. ತಿಂಗಳಿಗೊಮ್ಮೆ ಮೂತ್ರದ ಪರೀಕ್ಷೆ ಮಾಡಿಸು, ಅದನ್ನು ಮಾತ್ರ ಮರೆಯಬೇಡ. ಕಾಲು ಊದಿಕೊಂಡರೆ ತಕ್ಷಣ ಹೇಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲ್ಲಾ ಎಂದಿನಂತೆ ಇದೆ.

ನಿನ್ನ ಅಕ್ಕ

*

ಮಾರ್ಚ್ ೨೦

ಅಕ್ಕಾ,

ನಿನ್ನ ಕಾಗದ ಬಂತು. ಓದಿ ಆಸ್ಪತ್ರೆಯ ಗೋಡೆಗೆ ಅಂಟಿಸುವ ನೋಟೀಸೇನೋ ಅಂದುಕೊಂಡೆ. ಕೆಳಗೆ "ನಿನ್ನ ಅಕ್ಕ" ಅಂತ ಇಲ್ಲದಿದ್ದರೆ ನಿಜಕ್ಕೂ ಇಲ್ಲಿನ ಗೋಡೆಗೆ ಅಂಟಿಸಿಬಿಡುತ್ತಿದ್ದೆ.

ಬಿಸಿಲಿಗೆ ಹೋಗಬೇಡ ಅಂತೀಯಲ್ಲ, ಸರ್ವೇಯರ್ ಬಿಸಿಲಿಗೆ ಹೋಗದೆ ಮಂಚದ ಕೆಳಗೆ ರಸ್ತೆ ಅಳೆಯುತ್ತಾಳಾ? ಹನ್ನೊಂದು ಮೈಲಿ ರಸ್ತೆ ಇನ್ನೂ ಬಾಕಿ ಇದೆ. ಇಲ್ಲಿರುವುದು ತಗಡಿನ ಷೆಡ್ಡು, ನಕ್ಷೆ ಹರಡುವ ಒಂದು ಮೇಜು, ಎತ್ತರ ಅಳೆಯುವ ಲೆವೆಲ್ ಯಂತ್ರ, ಅದರ ಮೂರುಕಾಲಿನ ಸ್ಟ್ಯಾಂಡು, ನಾನು, ಮತ್ತೆ ಅಳತೆಕೋಲು ಹಿಡಿಯುವ ಕೋಲಜ್ಜ. ಅವನಿಗೆ ಕೋಲಜ್ಜ ಅಂತ ಹೆಸರಿಟ್ಟಿದ್ದು ನಾನೇ. ಮೂವತ್ತು ವರ್ಷದಿಂದ ಕೋಲು ಹಿಡಿಯುತ್ತಿದ್ದಾನೆ, ಗಾಳಿಗೂ ಅಲ್ಲಾಡುವುದಿಲ್ಲ.

ಮೊದಮೊದಲು ಕೆನ್ನೆ ಕೆಂಪಾದಾಗ ಇಲ್ಲಿಯವರೆಲ್ಲ ಹೊರಗಿನ ಗಾಳಿ ನನಗೆ ಒಗ್ಗಿದೆ, ಬಣ್ಣ ಬಂದಿದೆ ಅಂತ ಹೊಗಳಿದರು. ನಾನೂ ಕನ್ನಡಿ ನೋಡಿಕೊಂಡು ಬೀಗಿದ್ದೇ ಬೀಗಿದ್ದು. ಆಮೇಲೆ ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಯಂತ್ರದ ತಿರುಪನ್ನು ಕೋಲಜ್ಜನ ಕೈಲಿ ತಿರುಗಿಸಿಕೊಂಡೆ. ಯಾವತ್ತೂ ಯಾರ ಕೈಗೂ ಯಂತ್ರ ಕೊಡದವಳು ನಾನು. ಅವತ್ತು ಷೆಡ್ಡಿನ ಹಿಂದೆ ಹೋಗಿ ಅತ್ತೆ.

ಡಾಕ್ಟರು, "ನಿಮ್ಮನ್ನ ಕಾಯೋ ಕಣಗಳೇ ನಿಮ್ಮನ್ನ ಶತ್ರು ಅಂದ್ಕೊಂಡಿವೆ" ಅಂದರು, ಮಗುವಿಗೆ ಕತೆ ಹೇಳುವ ಹಾಗೆ. ನನಗೆ ಅದು ಸಾಲದು. ನೀನು ದಿನವೂ ಅವುಗಳ ಮುಖ ನೋಡುವವಳು. ನನ್ನ ಮೈಯೊಳಗೆ ಏನು ನಡೆಯುತ್ತಿದೆ, ಸರಿಯಾಗಿ ಬರೆದು ಹೇಳು. ನೋಟೀಸಿನ ಹಾಗೆ ಬೇಡ.

ಒಂದು ವಿಷಯ ಕೇಳಬೇಕೆಂದು ಎರಡು ವರ್ಷದಿಂದ ಇದೆ. ನಿಮ್ಮ ಲ್ಯಾಬು ಕಂಪನಿಯಿಂದ ರೆಡಿಮೇಡ್ ರಕ್ತ ತರಿಸಲು ಶುರುಮಾಡಿತು, ಇನ್ನು ಬರಬೇಡ ಅಂದೆಯಲ್ಲ, ರಕ್ತ ಬೇಡದಿದ್ದರೂ ಬಾ ಅಂತ ಒಂದು ಮಾತು ಯಾಕೆ ಅನ್ನಲಿಲ್ಲ? ನಾನು ಎರಡು ಶನಿವಾರ ಕಾದೆ. ಆಮೇಲೆ ಈ ಕೆಲಸಕ್ಕೆ ಕರೆ ಬಂತು, ಬಂದುಬಿಟ್ಟೆ.

ಚೂಟಿ

*

ಏಪ್ರಿಲ್ ೨

ಪ್ರೀತಿಯ ಚೂಟಿ,

ಕೇಳು. ನೋಟೀಸಿನ ಹಾಗೆ ಬರೆಯದಿರಲು ಪ್ರಯತ್ನಿಸುತ್ತೇನೆ.

ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಒಂದು ಜಾತಿ. ಅವು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ಎದೆಯಲ್ಲಿ ಹೃದಯಕ್ಕಿಂತ ಸ್ವಲ್ಪ ಮೇಲಿರುವ ಥೈಮಸ್ ಎನ್ನುವ ಗ್ರಂಥಿಗೆ ಹೋಗುತ್ತವೆ. ಅಲ್ಲಿ ಅವಕ್ಕೆ ಪರೀಕ್ಷೆ. ನಮ್ಮದೇ ಮೈಯ ಚೂರುಗಳನ್ನು ಅವುಗಳ ಮುಂದೆ ಹಿಡಿಯಲಾಗುತ್ತದೆ. ಯಾವ ಕಣ ಅದನ್ನು ಬಲವಾಗಿ ಕಚ್ಚಿ ಹಿಡಿಯುತ್ತದೋ ಅದಕ್ಕೆ ಅಲ್ಲೇ ಸಾವು. ಒಂದಲ್ಲ ಒಂದು ಕಾರಣಕ್ಕೆ ನೂರಕ್ಕೆ ತೊಂಬತ್ತೈದು ಕಣಗಳು ಆಚೆಗೆ ಬರುವುದೇ ಇಲ್ಲ. ಅಷ್ಟು ಕಟ್ಟುನಿಟ್ಟು.

ಆದರೂ ಕೆಲವು ತಪ್ಪಿಸಿಕೊಂಡು ಬರುತ್ತವೆ. ನಿನ್ನಲ್ಲಿ ಮಾತ್ರ ಅಲ್ಲ, ನನ್ನಲ್ಲೂ, ಕೋಲಜ್ಜನಲ್ಲೂ. ಅವುಗಳ ಬೆನ್ನ ಹಿಂದೆ ನಿಂತು ಸುಮ್ಮನಿರಿಸಲೆಂದೇ ಬೇರೆ ಟಿ ಕಣಗಳಿವೆ, ನಿಯಂತ್ರಕ ಕಣಗಳು. ನಿನ್ನ ಕಾಯಿಲೆಯಲ್ಲಿ ಈ ಹಿಡಿತ ಸಡಿಲವಾಗುತ್ತದೆ. ಆಗ ತಪ್ಪಿಸಿಕೊಂಡ ಟಿ ಕಣಗಳು ಬಿ ಕಣಗಳಿಗೆ ಕುಮ್ಮಕ್ಕು ಕೊಡುತ್ತವೆ. ಪ್ರತಿಕಾಯ ತಯಾರಿಸುವುದು ಬಿ ಕಣಗಳ ಕೆಲಸ. ಕ್ರಿಮಿಗಳ ಮೇಲೆ ಬಿಡಬೇಕಾದ ಅದನ್ನು ಅವು ನಮ್ಮದೇ ಜೀವಕೋಶದ ತಿರುಳಿನ ಮೇಲೆ ಬಿಡುತ್ತವೆ. ಸತ್ತ ಜೀವಕೋಶದ ಚೂರಿಗೆ ಅಂಟಿಕೊಂಡ ಪ್ರತಿಕಾಯ ರಕ್ತದಲ್ಲಿ ತೇಲಿ ಹೋಗಿ ಚರ್ಮದಲ್ಲಿ, ಕೀಲಿನಲ್ಲಿ, ಕಿಡ್ನಿಯೊಳಗಿನ ಸೋಸುವ ಸಣ್ಣ ಉಂಡೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕಂಡು ಇನ್ನಷ್ಟು ಕಣಗಳು ಓಡಿ ಬಂದು ಅಲ್ಲಿ ಉರಿ ಎಬ್ಬಿಸುತ್ತವೆ.

ಬಿಸಿಲು ಯಾಕೆ ಬೇಡವೆಂದರೆ, ಬಿಸಿಲಿಗೆ ಚರ್ಮದ ಜೀವಕೋಶಗಳು ಸತ್ತು ಒಳಗಿನ ತಿರುಳು ಹೊರಗೆ ಬೀಳುತ್ತದೆ. ರೊಚ್ಚಿಗೆದ್ದ ಕಣಗಳಿಗೆ ಅದನ್ನು ತೋರಿಸಿದ ಹಾಗೆ.

ನೀನು ಕೊನೆಯಲ್ಲಿ ಆ ಶನಿವಾರಗಳ ಬಗ್ಗೆ ಕೇಳಿದ್ದೆ. ಕೆಲಸ ಜಾಸ್ತಿ ಇತ್ತು. ಬಾ ಅನ್ನಬೇಕಿತ್ತು. ತಪ್ಪಾಯಿತು.

ಮೂತ್ರದ ಪರೀಕ್ಷೆ ಮಾಡಿಸಿದೆಯಾ?

ನಿನ್ನ ಅಕ್ಕ

*

ಏಪ್ರಿಲ್ ೨೬

ಅಕ್ಕಾ,

ಮೂರು ಸಲ ಓದಿದೆ. ಈಗ ಅರ್ಥವಾಯಿತು. ಅವು ದಡ್ಡ ಕಣಗಳಲ್ಲ, ಸೋಮಾರಿಗಳೂ ಅಲ್ಲ. ಹಿಡಿದ ಕೆಲಸ ಬಿಡುವುದಿಲ್ಲ, ಊಟ ನಿದ್ದೆ ಬಿಟ್ಟು ದುಡಿಯುತ್ತವೆ, ಕೆಲಸ ಮಾತ್ರ ತಪ್ಪು. ಒಟ್ಟಿನಲ್ಲಿ ನನ್ನ ಕಣಗಳು ನನ್ನ ಹಾಗೇ. ಬೈಯಲೂ ಮನಸ್ಸು ಬರುತ್ತಿಲ್ಲ.

ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿಕೊಂಡಿದೆ. ಕನ್ನಡಿಯಲ್ಲಿ ಅಮ್ಮನ ದೊಡ್ಡಕ್ಕ ಕಾಣುತ್ತಾಳೆ, ಅದೇ ಗಲ್ಲ, ಅದೇ ಸಿಡುಕು. ಹಸಿವಂತೂ ಹೇಳಬೇಡ. ಮೊನ್ನೆ ಕೋಲಜ್ಜನ ಡಬ್ಬಿಯನ್ನೂ ಖಾಲಿ ಮಾಡಿದೆ. ಅವನು ಮಾರನೆಯ ದಿನದಿಂದ ಎರಡು ಡಬ್ಬಿ ತರುತ್ತಿದ್ದಾನೆ.

ಮೂತ್ರದ ಪರೀಕ್ಷೆ ಆಯಿತು. ಪ್ರೋಟೀನ್ ಹೋಗುತ್ತಿದೆಯಂತೆ, ಜಾಸ್ತಿಯೇ. ನೀನು ಪದೇಪದೇ ಅದನ್ನೇ ಯಾಕೆ ಕೇಳುತ್ತಿದ್ದೆ ಅಂತ ಡಾಕ್ಟರ ಮುಖ ನೋಡಿದಾಗ ಗೊತ್ತಾಯಿತು. ಸಾಕ್ಸ್ ಬಿಚ್ಚಿದರೆ ಕಾಲಿನ ಮೇಲೆ ಅದರ ಅಚ್ಚು ಹಾಗೇ ಉಳಿಯುತ್ತದೆ.

ಅವರು ಇನ್ನೊಂದು ವಿಷಯ ಹೇಳಿದರು. ಈ ಕಾಯಿಲೆ ಮೈಗೆ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಂಡಿರುತ್ತದಂತೆ. ಮೊದಲೇ ಸಿಕ್ಕಿದ್ದರೆ ಕಿಡ್ನಿಯ ಮೇಲೆ ಕಣ್ಣಿಡಬಹುದಿತ್ತು ಅಂದರು. ನಾನು ನಾಲ್ಕು ವರ್ಷ ತಿಂಗಳು ತಿಂಗಳು ನಿನಗೆ ರಕ್ತ ಕೊಟ್ಟಿದ್ದೇನೆ. ನೇರವಾಗಿ ಕೇಳುತ್ತೇನೆ ಅಕ್ಕಾ. ನನ್ನ ರಕ್ತದಲ್ಲಿ ಯಾವತ್ತಾದರೂ ಏನಾದರೂ ಕಂಡಿತ್ತಾ?

ಚೂಟಿ

*

ಮೇ ೪

ಚೂಟಿ,

ಇಲ್ಲ. ಏನೂ ಕಂಡಿರಲಿಲ್ಲ. ಕಂಡಿದ್ದರೆ ಹೇಳದೆ ಇರುತ್ತಿದ್ದೆನಾ?

ಪ್ರೋಟೀನಿನ ರಿಪೋರ್ಟು ಕಳಿಸು. ಈಗ ತಡಮಾಡದೆ ಊರಿನ ದೊಡ್ಡ ಆಸ್ಪತ್ರೆಗೆ ಹೋಗು. ಉಪ್ಪು ಕಡಿಮೆ ಮಾಡು.

ಅಕ್ಕ

*

ಜುಲೈ ೧

ಅಕ್ಕಾ,

ನನ್ನನ್ನು ರಸ್ತೆಯಿಂದ ತೆಗೆದರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಎಂಜಿನಿಯರು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು ಹೇಳಿದರು. ಅಷ್ಟು ಮರ್ಯಾದೆ ಕಂಡಾಗಲೇ ನನಗೆ ಗೊತ್ತಾಯಿತು. ಈಗ ಆಫೀಸಿನಲ್ಲಿ ಪರದೆ ಎಳೆದ ಕಿಟಕಿಯ ಪಕ್ಕ ಕೂತು ಬೇರೆಯವರು ಅಳೆದು ತಂದ ಪುಸ್ತಕ ಪರಿಶೀಲಿಸುತ್ತೇನೆ. ನನ್ನ ಯಂತ್ರ ಇನ್ನೊಬ್ಬಳ ಹತ್ತಿರ ಇದೆ. ಅವಳು ಲೆನ್ಸು ಒರೆಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿನ್ನ ಉತ್ತರ ಓದಿ ಸಮಾಧಾನವಾಯಿತು. ನೀನು ನೋಡಿಲ್ಲ ಅಂದರೆ ಇರಲಿಲ್ಲ. ಹಾಗಾದರೆ ಇದು ಎಲ್ಲರ ಕೈ ಮೀರಿದ್ದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇಲ್ಲಿ ಒಂದು ತಮಾಷೆ ನಡೆಯಿತು. ನಾವು ಎತ್ತರ ಅಳೆಯಲು ಒಂದು ಗುರುತಿನ ಕಲ್ಲಿನಿಂದ ಶುರುಮಾಡುತ್ತೇವೆ. ಅದರ ಎತ್ತರ ಮೊದಲೇ ಗೊತ್ತಿರುತ್ತದೆ. ಸುತ್ತಿ ಬಂದು ಅದೇ ಕಲ್ಲಿಗೆ ಮುಟ್ಟಿದರೆ ಅಳತೆ ಕೂಡಬೇಕು. ಈ ಸಲ ಕಲ್ಲಿಗೆ ಬಂದರೆ ಕೂಡುತ್ತದೆ, ಪಕ್ಕದ ಊರಿನ ಇನ್ನೊಂದು ಕಲ್ಲಿಗೆ ಹೋದರೆ ಒಂಬತ್ತು ಸೆಂಟಿಮೀಟರ್ ವ್ಯತ್ಯಾಸ. ಯಂತ್ರ ಕೆಟ್ಟಿದೆ ಅಂದರು, ರಿಪೇರಿಗೆ ಕಳಿಸಿದರು. ಕೋಲಜ್ಜನ ಕೈ ನಡುಗುತ್ತದೆ ಅಂದರು. ಕೊನೆಗೆ ನೋಡಿದರೆ ನಮ್ಮ ಕಲ್ಲೇ ಒಂಬತ್ತು ಸೆಂಟಿಮೀಟರ್ ಕುಸಿದಿತ್ತು. ಎಲ್ಲರನ್ನೂ ಅನುಮಾನಿಸಿದೆವು, ಕಲ್ಲೊಂದನ್ನು ಬಿಟ್ಟು. ನಾನೂ ಅಷ್ಟೇ. ಅಜ್ಜನ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಮುಂದಿನ ತಿಂಗಳು ಕಿಡ್ನಿಯ ಡಾಕ್ಟರನ್ನು ನೋಡಬೇಕು. ನೀನು ಬರುತ್ತೀಯಾ?

ಚೂಟಿ

*

ಜುಲೈ ೯

ಚೂಟಿ,

ಬರುತ್ತೇನೆ ಅಂತ ಬರೆಯುವ ಮೊದಲು ಇದನ್ನು ನೀನು ಓದಬೇಕು. ಓದಿದ ಮೇಲೂ ಬಾ ಅಂದರೆ ಬರುತ್ತೇನೆ.

ನಿನ್ನ ಕಲ್ಲಿನ ಕತೆ ಓದಿದೆ. ನೀನು ಒಬ್ಬ ಮುದುಕನ ಕೈಯನ್ನು ಅನುಮಾನಿಸಿದ್ದಕ್ಕೆ ಹೋಗಿ ಕ್ಷಮೆ ಕೇಳಿದೆ. ನೀನು ನೇರವಾಗಿ ಕೇಳಿದರೂ ನಾನು ಸುಳ್ಳು ಬರೆದೆ.

ಇದರ ಜೊತೆ ಮಾರ್ಚ್ ೪ರ ಕಾಗದ ಇಟ್ಟಿದ್ದೇನೆ. ನಿನ್ನ ಕಾಯಿಲೆಯ ಹೆಸರು ತಿಳಿದ ಮಾರನೆಯ ದಿನ ಬರೆದದ್ದು, ಪೋಸ್ಟ್ ಮಾಡಿರಲಿಲ್ಲ. ನಾಲ್ಕು ತಿಂಗಳಿಂದ ಕೋಟಿನ ಜೇಬಿನಲ್ಲಿದೆ. ಎರಡು ಸಲ ಕೋಟಿನ ಜೊತೆ ಒಗೆಯಲು ಹೋಗುವುದರಲ್ಲಿತ್ತು.

ನಿನ್ನ ಸ್ಲೈಡು ಹೊಳೆದಿತ್ತು. ಪರೀಕ್ಷೆ ಕೆಟ್ಟಿದೆ ಎಂದುಕೊಂಡೆ. ಅದು ನನ್ನ ತಪ್ಪು.

ಅಕ್ಕ

*

ಆಗಸ್ಟ್ ೩೦

ಅಕ್ಕನಿಗೆ,

ಏಳು ವಾರ ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ಕಿಡ್ನಿಯ ಡಾಕ್ಟರ ಹತ್ತಿರ ಕೋಲಜ್ಜ ಬಂದಿದ್ದ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ನನ್ನ ಚೀಲ ಹಿಡಿದುಕೊಂಡು ಬಾಗಿಲ ಹೊರಗೆ ನಾಲ್ಕು ಗಂಟೆ ನಿಂತಿದ್ದ.

ನಿನ್ನ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಾನೀಗ ಮಾಡುವ ಕೆಲಸ ಅದೇ, ಬೇರೆಯವರ ಪುಸ್ತಕದಲ್ಲಿ ಎಲ್ಲಿ ಕೂಡುವುದಿಲ್ಲ ಅಂತ ಹುಡುಕುವುದು. ನಿನ್ನದು ಕೂಡುತ್ತಿಲ್ಲ.

ಅಳತೆ ತಪ್ಪಿದೆ ಅನ್ನಿಸಿದರೆ ನಾವು ಮತ್ತೆ ಅಳೆಯುತ್ತೇವೆ. ಬಿಸಿಲಿರಲಿ, ಊಟದ ಹೊತ್ತಿರಲಿ, ಮತ್ತೆ ಅಳೆಯುತ್ತೇವೆ. ಬಣ್ಣ ಕೆಟ್ಟಿದೆ ಎಂದು ನೀನು ನಿಜವಾಗಿ ನಂಬಿದ್ದರೆ ಹೊಸ ಬಣ್ಣ ತೆಗೆದುಕೊಂಡು ನನ್ನ ರಕ್ತವನ್ನೇ ಮತ್ತೆ ಇಡುತ್ತಿದ್ದೆ. ಮುಂದಿನ ಶನಿವಾರ ನನ್ನನ್ನೇ ಕರೆಯುತ್ತಿದ್ದೆ. ನೀನು ಬರಬೇಡ ಅಂದೆ.

ನಿಮ್ಮ ಲ್ಯಾಬಿಗೆ ಫೋನು ಮಾಡಿದೆ. ನೀನು ರಜೆಯಲ್ಲಿದ್ದ ದಿನ. ಕಂಪನಿಯ ರಕ್ತ ಯಾವತ್ತೂ ತರಿಸಿಲ್ಲವಂತೆ. ಈಗ ನಿಮ್ಮ ಕ್ಯಾಷಿಯರ್ ಕೊಡುತ್ತಿದ್ದಾರಂತೆ, ಎರಡೂವರೆ ವರ್ಷದಿಂದ.

ಆ ಚಳಿಗಾಲದಲ್ಲೇ ನನ್ನ ಬೆರಳು ಊದುತ್ತಿತ್ತು. ಚಳಿಗೆ ಅಂದುಕೊಂಡೆ. ನೀನು ಒಂದು ಮಾತು ಹೇಳಿದ್ದರೆ ಚಳಿಗೆ ಅಂದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಸಲ ಕೇಳುತ್ತೇನೆ. ಏನು ನೋಡಿದೆ?

ನಿನ್ನ ತಂಗಿ

*

ಸೆಪ್ಟೆಂಬರ್ ೬

ಚೂಟಿ,

ನಿನ್ನ ರಕ್ತವನ್ನು ಮತ್ತೆ ಮೂರು ಸಲ ಇಟ್ಟೆ. ಅದೇ ದಿನ ಹೊಸ ಬಣ್ಣದಲ್ಲಿ ಒಂದು, ಮಾರನೆಯ ದಿನ ಎರಡು. ಮೂರೂ ಹೊಳೆದವು. ಆರೋಗ್ಯವಾಗಿರುವವರಲ್ಲೂ ಕೆಲವರ ರಕ್ತ ಸ್ವಲ್ಪ ಹೊಳೆಯುವುದುಂಟು, ನನ್ನದೇ ಹೊಳೆಯುತ್ತದೆ, ಆದರೆ ತೆಳುಮಾಡುತ್ತಾ ಹೋದರೆ ಅದು ಮಾಯವಾಗುತ್ತದೆ. ನಿನ್ನದನ್ನು ತೆಳುಮಾಡುತ್ತಾ ಹೋದೆ. ಆರುನೂರ ನಲವತ್ತು ಪಟ್ಟು ತೆಳುಮಾಡಿದರೂ ಹೊಳೆಯುತ್ತಿತ್ತು. ರೋಗಿಯದ್ದಾಗಿದ್ದರೆ ಅವತ್ತೇ ಡಾಕ್ಟರ್ ಮೇಡಂಗೆ ತೋರಿಸುತ್ತಿದ್ದೆ. ನಿನ್ನ ಸ್ಲೈಡನ್ನು ಕೈಯಾರೆ ಒಡೆದು ಗಾಜಿನ ಡಬ್ಬಿಗೆ ಹಾಕಿದೆ. ಪುಸ್ತಕದಲ್ಲಿ ಬರೆದದ್ದು ಸುಳ್ಳು. ಪೋಸ್ಟ್ ಮಾಡುವುದಿಲ್ಲ ಎಂದುಕೊಂಡು ಬರೆದ ಕಾಗದದಲ್ಲೂ ಇಷ್ಟನ್ನು ಬರೆಯಲು ನನಗೆ ಕೈ ಬರಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಆ ವಾರ ನಿನ್ನ ಕೆಲಸದ ಆರೋಗ್ಯ ತಪಾಸಣೆಯ ಅರ್ಜಿ ನನ್ನ ಚೀಲದಲ್ಲಿತ್ತು. ನೀನೇ ಕೊಟ್ಟಿದ್ದೆ, ನಮ್ಮ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಂಡು ಬಾ ಅಂತ. ಮೂರು ಸಲ ಪರೀಕ್ಷೆ ಬರೆದು, ಮೂರನೆಯ ಸಲಕ್ಕೆ ಸಿಕ್ಕಿದ ಕೆಲಸ. ಬಿಸಿಲಲ್ಲಿ ನಿಲ್ಲುವ ಕೆಲಸ. ನಾನು ಬಾಯಿ ಬಿಟ್ಟಿದ್ದರೆ ಅದು ಹೋಗುತ್ತಿತ್ತು. ಮೈಯಲ್ಲಿ ಏನೂ ಇಲ್ಲ, ನಗುತ್ತಾ ಓಡಾಡಿಕೊಂಡಿದ್ದಾಳೆ, ಆರು ತಿಂಗಳು ನೋಡೋಣ, ಆಮೇಲೆ ಹೇಗಾದರೂ ಕರೆಸಿ ಮತ್ತೆ ಪರೀಕ್ಷೆ ಮಾಡೋಣ ಅಂದುಕೊಂಡೆ. ಆರು ತಿಂಗಳಾಯಿತು. ನೀನು ಫೋನಿನಲ್ಲಿ ಬೆಟ್ಟ, ರಸ್ತೆ, ಯಂತ್ರ ಅಂತ ಹೇಳುತ್ತಿದ್ದೆ. ಇನ್ನಾರು ತಿಂಗಳು ಅಂದುಕೊಂಡೆ.

ಇದು ನಿನ್ನ ಸಲುವಾಗಿ ಮಾಡಿದ್ದು ಎಂದು ಬರೆದು ಮುಗಿಸಿಬಿಡಬಹುದು. ಅದು ಅರ್ಧ ಮಾತ್ರ ನಿಜ. ಇನ್ನರ್ಧ, ನನಗೆ ಹೆದರಿಕೆಯಾಯಿತು. ನಿನ್ನ ಮುಖ ನೋಡಿದರೆ ಆ ಹಸಿರು ಕಾಣುತ್ತಿತ್ತು. ಅದಕ್ಕೇ ಶನಿವಾರ ಬೇಡ ಅಂದೆ. ನೋಡದಿದ್ದರೆ ಇಲ್ಲ ಅನ್ನುವ ಹಾಗೆ ಬದುಕಿದೆ, ಹಗಲೆಲ್ಲಾ ನೋಡುವುದೇ ಕೆಲಸವಾದವಳು.

ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ.

ಅಕ್ಕ

*

ಅಕ್ಟೋಬರ್ ೨೫

ಅಕ್ಕಾ,

ಆ ಅರ್ಜಿಗೆ ಸಹಿ ಹಾಕಿಸಿಕೊಂಡು ಬಂದು ಕೊಟ್ಟಾಗ ನೀನು ನನ್ನ ತಲೆ ಸವರಿದ್ದೆ. ನೀನು ಸವರುವವಳಲ್ಲ. ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡೆ. ಈಗ ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ನೀನು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ತುಂಬಾ ಯೋಚಿಸಿದೆ. ಕೆಲಸ ಬಿಡುತ್ತಿದ್ದೆನೋ, ನಿನ್ನ ಮಾತು ಕೇಳದೆ ಬಿಸಿಲಿಗೇ ಹೋಗುತ್ತಿದ್ದೆನೋ ಗೊತ್ತಿಲ್ಲ. ಹೋಗುತ್ತಿದ್ದೆ ಅಂತಲೇ ಇಟ್ಟುಕೋ. ಆದರೂ ಅದನ್ನು ತೀರ್ಮಾನಿಸಬೇಕಾದವಳು ನಾನು. ನೀನು ನನ್ನ ಕೈಯಿಂದ ಅದನ್ನು ಕಿತ್ತುಕೊಂಡೆ. ನನಗೆ ಕೋಪವಿದೆ ಅಕ್ಕಾ. ಇದು ಬೇಗ ಹೋಗುವ ಕೋಪ ಅಲ್ಲ.

ಮೊನ್ನೆ ಕಿಡ್ನಿಗೆ ಸೂಜಿ ಹಾಕಿ ಒಂದು ಚೂರು ತೆಗೆದರು. ಅದನ್ನು ಪರೀಕ್ಷೆ ಮಾಡುವ ಸೌಕರ್ಯ ಇಲ್ಲಿಲ್ಲ, ನಿಮ್ಮ ಲ್ಯಾಬಿಗೇ ಕಳಿಸುತ್ತಾರಂತೆ. ಬೇರೆ ಕಡೆ ಕಳಿಸಿ ಅಂತ ಹೇಳಲು ಬಾಯಿ ತೆರೆದೆ, ಆಮೇಲೆ ಅಲ್ಲಿಗೇ ಹೋಗಲಿ ಅಂದುಕೊಂಡೆ. ಸೋಮವಾರ ಅಲ್ಲಿಗೆ ಬರುತ್ತದೆ.

ನೀನೇ ನೋಡು. ನೋಡಿದ ದಿನವೇ ನನಗೆ ಬರೆ, ಇಲ್ಲಿನ ಡಾಕ್ಟರಿಗೆ ರಿಪೋರ್ಟು ಮುಟ್ಟುವ ಮೊದಲು. ಧೈರ್ಯ ಹೇಳಬೇಡ. ಉಪ್ಪು, ಟೋಪಿ ಅಂತ ಬರೆಯಬೇಡ. ಕಂಡಿದ್ದನ್ನು ಬರೆ.

ಚೂಟಿ

*

ನವೆಂಬರ್ ೩

ಚೂಟಿ,

ಈಗ ಮಧ್ಯಾಹ್ನ ಮೂರು ಗಂಟೆ. ಕತ್ತಲ ಕೋಣೆಯಿಂದ ಬಂದು, ಕೋಟು ಕೂಡ ಬಿಚ್ಚದೆ ಬರೆಯುತ್ತಿದ್ದೇನೆ. ಡಾಕ್ಟರ್ ಮೇಡಂ ನನ್ನ ಪಕ್ಕದಲ್ಲಿ ಕೂತು ನೋಡಿದರು. ಇದು ನನ್ನ ತಂಗಿಯದು ಅಂತ ಅವರಿಗೆ ಹೇಳಿದ್ದೇನೆ. ಆ ಫೆಬ್ರವರಿಯ ವಿಷಯವನ್ನೂ ಹೇಳಿದ್ದೇನೆ, ಪುಸ್ತಕದ ಆ ಪುಟ ತೆಗೆದು ತೋರಿಸಿದೆ. ಅವರು ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತಾರೋ ಅದು ಆಮೇಲಿನ ಮಾತು.

ಸೂಜಿಯಲ್ಲಿ ಬಂದ ಚೂರು ಒಂದು ತುಂಡು ದಾರದಷ್ಟಿದೆ. ಅದರಲ್ಲಿ ಸೋಸುವ ಉಂಡೆಗಳು ಹನ್ನೆರಡು ಸಿಕ್ಕಿವೆ. ಬಣ್ಣ ಹಾಕಿ ನೋಡಿದರೆ ಪ್ರತಿಕಾಯ ಕೂತಿರುವುದು ಹಸಿರಾಗಿ ಸ್ಪಷ್ಟವಾಗಿ ಕಾಣುತ್ತದೆ. ಏಳು ಉಂಡೆಗಳು ಗಾಯ ಮಾಗಿ ಗಟ್ಟಿಯಾಗಿವೆ. ಅವು ಇನ್ನು ಸೋಸುವುದಿಲ್ಲ. ಯಾವ ಮದ್ದಿಗೂ ಅವು ವಾಪಸ್ ಬರುವುದಿಲ್ಲ. ಉಳಿದ ಐದರಲ್ಲಿ ಬಿಳಿ ಕಣಗಳು ಕಿಕ್ಕಿರಿದಿವೆ, ಉರಿ ಇದೆ, ಆದರೆ ಜೀವ ಇದೆ. ಇನ್ನು ಮದ್ದು ಕೊಡುವುದು ಈ ಐದನ್ನು ಉಳಿಸಿಕೊಳ್ಳಲು. ಮಾತ್ರೆ ಸಾಲದು, ತಿಂಗಳಿಗೊಮ್ಮೆ ನರಕ್ಕೆ ಮದ್ದು ಏರಿಸಬೇಕು, ಆರು ತಿಂಗಳು. ಅದರಿಂದ ಕೂದಲು ಉದುರಬಹುದು, ಮುಂದೆ ಮಕ್ಕಳಾಗದೆಯೂ ಇರಬಹುದು. ಶುರುಮಾಡುವ ಮೊದಲು ಡಾಕ್ಟರ ಹತ್ತಿರ ಅದನ್ನು ಕೇಳು. ಇಷ್ಟಾದರೂ ಐದೂ ಉಳಿಯುತ್ತವೆ ಎಂದು ಯಾರೂ ಮಾತು ಕೊಡಲಾರರು.

ಕಂಡಿದ್ದು ಇಷ್ಟು. ಏನನ್ನೂ ಬಿಟ್ಟಿಲ್ಲ.

ಆ ಫೆಬ್ರವರಿಯಲ್ಲಿ ಎಷ್ಟು ಉಂಡೆಗಳು ಚೆನ್ನಾಗಿದ್ದವು ಅಂತ ನೀನು ಕೇಳೇ ಕೇಳುತ್ತೀಯ. ನಾನೇ ಡಾಕ್ಟರ್ ಮೇಡಂ ಅವರನ್ನು ಕೇಳಿದೆ. ಅವರು ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆಯದೆ, "ಹನ್ನೆರಡೂ ಚೆನ್ನಾಗೇ ಇದ್ವೇನೋ" ಅಂದರು.

ಅಕ್ಕ